ಮುಧೋಳ ನಾಯಿಯ ಕೊರಳು

ಮುಧೋಳ ನಾಯಿ ಅಂದರೆ ಬೇಟೆ, ಶೌರ್ಯ ಅಂತಲೇ ಮಾತು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, ಆಮೇಲೆ ಸೈನ್ಯಕ್ಕೂ ಹೋಯಿತು. ನಮ್ಮ ಮನೆಯದು ಮಾತ್ರ ಕುಕ್ಕರ್ ಸೀಟಿಗೇ ಮಂಚದಡಿ ಸೇರುತ್ತದೆ.

ಭೀಮರಾಯನಗುಡಿಯಲ್ಲಿ ಅದನ್ನು ಅಡ್ಡಾಡಿಸುವಾಗ ನನ್ನ ಕಣ್ಣು ಕಾಲುವೆಯ ಮೇಲೇ. ಕಾಂಕ್ರೀಟಿನ ಇಳಿಜಾರಿಗೆ ಜಾರಿದ ನಾಯಿ ಮೇಲೆ ಹತ್ತುವುದು ಕಷ್ಟ. ಈ ತಳಿಯ ತಲೆ ಸಣ್ಣದು, ಕೊರಳು ಹೆಚ್ಚುಕಡಿಮೆ ಅಷ್ಟೇ ದಪ್ಪ. ಅಂಜಿದಾಗ ನಮ್ಮದು ಹಿಂದಕ್ಕೆ ಜಗ್ಗುತ್ತದೆ. ಸಾದಾ ಕೊರಳಪಟ್ಟಿಯಾದರೆ ಕಿವಿ ದಾಟಿ ಕೈಗೇ ಬರುತ್ತದೆ. ಬಿಗಿದು ಕಟ್ಟಿದರೆ ಉಸಿರಿಗೆ ಕುತ್ತು. ಸಾಮಾನ್ಯ ಹಾರ್ನೆಸ್ಸೂ ಸಾಲದು: ಎದೆ ಆಳ, ಸೊಂಟ ಸಣ್ಣ, ಕಾಲು ಮಡಚಿ ನುಸುಳಿಬಿಡುತ್ತದೆ. ಹೀಗಾಗಿ ಪಕ್ಕೆಲುಬಿನ ಹಿಂದೆ, ಸೊಂಟದ ಹತ್ತಿರ ಇನ್ನೊಂದು ಪಟ್ಟಿ ಇರುವುದನ್ನೇ ತರಿಸಿದೆ. ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು. ಕೂದಲು ತೆಳು, ಕಂಕುಳ ಉಜ್ಜದಂತೆ ಒಳಗೆ ಮೆತ್ತನೆಯ ಬಟ್ಟೆಯೂ ಬೇಕು.

“ಏನ್ರೀ, ನಾಯಿಗಿ ಅಂಗಿ ಹೊಲಿಸೀರೇನು?” ಅಂದರು ಪಕ್ಕದ ಮನೆಯ ಕಾಕಾ.

ಟ್ರ್ಯಾಕ್ಟರ್ ಬಂದರೆ ನಾನು ಜಗ್ಗುವುದಿಲ್ಲ. ಹಗ್ಗ ಸಡಿಲ ಬಿಟ್ಟು, ರಸ್ತೆಗೂ ಅದಕ್ಕೂ ನಡುವೆ ನಿಲ್ಲುತ್ತೇನೆ. ಮೊನ್ನೆ ಹತ್ತಿ ಹೇರಿದ್ದೊಂದು ಹಾಯ್ದಾಗ ಹಿಂದಕ್ಕೆ ಸರಿಯಿತು, ಸೊಂಟದ ಪಟ್ಟಿ ತಡೆಯಿತು. ಆಮೇಲೆ ನನ್ನ ಮೊಣಕಾಲಿಗೆ ಒರಗಿ, ಹೋದ ಗಾಡಿಯ ಹೊಗೆ ಮೂಸಿತು.