ಅಪ್ಪನ ರೇಜರು

ಗಡ್ಡದ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಮಾತಿದೆ. ಋಷಿಮುನಿಗಳ ಗಡ್ಡ, ಕವಿಗಳ ಗಡ್ಡ, ಪ್ರೀತಿಯಲ್ಲಿ ಸೋತವರ ಗಡ್ಡ, ಹರಕೆಗೆ ಬಿಟ್ಟ ಗಡ್ಡ... ಆದ್ರೆ ಗಡ್ಡ ತೆಗೆಯೋದರ ಬಗ್ಗೆ ಯಾರಾದ್ರೂ ಕೂತು ಬರೆದಿದ್ದನ್ನು ನಾನಂತೂ ನೋಡಿಲ್ಲ. ಹಲ್ಲುಜ್ಜೋ ಹಾಗೆ ಅದೂ ಒಂದು ಕೆಲಸ, ಮಾಡಿ ಮರೆತುಬಿಡ್ತೀವಿ. ಬೋರು ಹೊಡೆಸುವವರನ್ನು 'ಬ್ಲೇಡು' ಅಂತ ಕರೆಯೋ ರೂಢಿಯಂತೂ ಇದ್ದೇ ಇದೆ. ಇವತ್ತು ನಾನು ನಿಜವಾದ ಬ್ಲೇಡಿನ ಬಗ್ಗೆಯೇ ಕೊರೆಯೋಕೆ ಕೂತಿದೀನಿ. ಸ್ವಲ್ಪ ಸಹಿಸ್ಕೊಳ್ಳಿ :)

ನಾನು ಹೇಳ್ತಿರೋದು ಹಳೇ ಕಾಲದ, ಎರಡೂ ಕಡೆ ಅಲಗಿರೋ ಬ್ಲೇಡು. ಸೆವೆನ್ ಓ ಕ್ಲಾಕ್, ಟೋಪಾಜ್, ಪನಾಮಾ, ಭಾರತ್, ಅಶೋಕ್... ಈ ಹೆಸರುಗಳನ್ನು ಕೇಳಿದರೆ ನನ್ನ ವಯಸ್ಸಿನವರಿಗೆ ಕಿರಾಣಿ ಅಂಗಡಿಯ ಗಾಜಿನ ಡಬ್ಬಿಗಳ ಪಕ್ಕ ನೇತಾಡ್ತಿದ್ದ ರಟ್ಟು ನೆನಪಾಗಬೇಕು. ಗಡ್ಡ ಹೆರೆದು ಮೊಂಡಾದ ಮೇಲೂ ಆ ಬ್ಲೇಡಿಗೆ ನಿವೃತ್ತಿ ಇರ್ತಿರಲಿಲ್ಲ. ಅಮ್ಮ ಹೊಲಿಗೆ ಬಿಚ್ಚೋಕೆ ಇಟ್ಕೊಳ್ತಿದ್ಲು, ನಾವು ಪೆನ್ಸಿಲ್ ಚೂಪು ಮಾಡೋಕೆ ಕದೀತಿದ್ವಿ. ಕ್ಷೌರದಂಗಡಿಯಲ್ಲಿ ಅದೇ ಬ್ಲೇಡನ್ನು ಕಾಗದದ ಸಮೇತ ನಡುವೆ ಲಟಕ್ಕನೆ ಮುರಿದು, ಅರ್ಧವನ್ನು ಹಿಡಿಗೆ ಸಿಕ್ಕಿಸ್ತಾರೆ. ಒಬ್ಬ ಗಿರಾಕಿಗೆ ಅರ್ಧ ಬ್ಲೇಡು.

ಇದರ ಹಿಂದಿನ ಕತೆಯೂ ಚೆನ್ನಾಗಿದೆ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಅನ್ನೋ ಸೇಲ್ಸ್‌ಮನ್‌ಗೆ, ಮಸೆಯೋ ಗೋಜಿಲ್ಲದೆ ಬಳಸಿ ಬಿಸಾಡುವಂಥ ತೆಳ್ಳನೆ ಬ್ಲೇಡು ಮಾಡಬೇಕು ಅನ್ನೋ ಹುಚ್ಚು ಹಿಡೀತು. ಕಾಗದದಷ್ಟು ತೆಳು ಉಕ್ಕನ್ನು ಹದ ಮಾಡಿ ಅಲಗು ತರೋದು ಆಗದ ಕೆಲಸ ಅಂತ ತಿಳಿದವರು ಹೇಳಿದ್ರು. ಎಂಐಟಿಯಲ್ಲಿ ಓದಿದ್ದ ವಿಲಿಯಂ ನಿಕರ್ಸನ್ ಅನ್ನೋ ಇಂಜಿನಿಯರು ಅದಕ್ಕೆ ದಾರಿ ಹುಡುಕಿದ. ಮಾರಾಟ ಶುರುವಾದ 1903ರಲ್ಲಿ ಖರ್ಚಾಗಿದ್ದು ಬರೀ 51 ರೇಜರು, 168 ಬ್ಲೇಡು. 1904ರಲ್ಲಿ ಪೇಟೆಂಟು ಸಿಕ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆಲ್ಲ ಈ ರೇಜರು ಹಂಚಿದ ಮೇಲೆ, ಊರಿಗೆ ಮರಳಿದವರ ಜೊತೆ ಅದೂ ಮನೆಮನೆ ಸೇರ್ತು. ಮೊದಲಿನ ಬ್ಲೇಡುಗಳು ತುಕ್ಕು ಹಿಡೀತಿದ್ವು. ಸ್ಟೇನ್‌ಲೆಸ್ ಸ್ಟೀಲಿನವು ಬಂದಿದ್ದು 1960ರ ದಶಕದಲ್ಲಿ.

ಆಮೇಲೆ ಲೆಕ್ಕ ಏರ್ತಾ ಹೋಯ್ತು. 1971ರಲ್ಲಿ ಎರಡು ಬ್ಲೇಡು ಒಟ್ಟಿಗಿರೋ ಕಾರ್ಟ್ರಿಜ್, 1998ರಲ್ಲಿ ಮೂರು ಬ್ಲೇಡು, 2006ರಲ್ಲಿ ಐದು. ನಾನು ಮೂರರ ಕಾಲದವನು. ಕಾಲೇಜಿಗೆ ಸೇರಿದಾಗ ಕೈಗೆ ಬಂದ ಪ್ಲಾಸ್ಟಿಕ್ ರೇಜರನ್ನೇ ಇಪ್ಪತ್ತು ವರ್ಷ ಎಳೆದವನು. ಅದಕ್ಕೆ ಕಲಿಯೋದು ಅಂತೇನೂ ಇಲ್ಲ. ತಲೆ ತಾನೇ ಬಾಗತ್ತೆ, ಕೋನ ತಾನೇ ಸರಿಮಾಡ್ಕೊಳ್ಳತ್ತೆ. ನಿದ್ದೆಗಣ್ಣಲ್ಲಿ ಎಳೆದರೂ ಗಡ್ಡ ಹೋಗತ್ತೆ.

ಅಪ್ಪ ಮಾತ್ರ ಬದಲಾಗಲಿಲ್ಲ. 1976ರಲ್ಲಿ ಮೇಷ್ಟರ ಕೆಲಸ ಸಿಕ್ಕ ವರ್ಷ ಸಾಗರ ಪೇಟೆಯಲ್ಲಿ ತಗೊಂಡ ಹಿತ್ತಾಳೆಯ ರೇಜರು ಅವನದು. ಮೇಲಿನ ಬೆಳ್ಳಿ ಬಣ್ಣದ ಲೇಪ ಬೆರಳು ತಾಗೋ ಕಡೆಯೆಲ್ಲ ಸವೆದು ಹಳದಿ ಕಾಣತ್ತೆ. ಬಿಚ್ಚಿದರೆ ಮೂರೇ ತುಂಡು: ಹಿಡಿ, ಬ್ಲೇಡಿನ ಕೆಳಗೆ ಬರೋ ತಟ್ಟೆ, ಮೇಲೆ ಮುಚ್ಚಳ. ಹಾಳಾಗೋಕೆ ಅದರಲ್ಲಿ ಏನೂ ಇಲ್ಲ. ದಿನಾ ಬೆಳಗ್ಗೆ ಆರೂವರೆಗೆ ಜಗಲಿ ಕಂಬಕ್ಕೆ ಕನ್ನಡಿ ನೇತುಹಾಕಿ ಅಪ್ಪ ನಿಂತರೆ, ಏಳಕ್ಕೆ ಮುಂಚೆ ಮುಗೀತಿತ್ತು. ನಿವೃತ್ತಿಯಾದ ಮೇಲೂ ಅಷ್ಟೇ. 'ಇವತ್ತು ಯಾರು ನೋಡ್ತಾರೆ' ಅಂತ ಅಮ್ಮ ಅಂದರೆ, 'ನಾನು ನೋಡ್ಕೊಳ್ತೀನಲ್ಲ' ಅಂತಿದ್ದ.

2022ರ ಮಳೆಗಾಲದಲ್ಲಿ ಅಪ್ಪನಿಗೆ ಲಕ್ವ ಹೊಡೀತು. ಬಲಗೈ, ಬಲಗಾಲು, ಮುಖದ ಬಲಭಾಗ. ಜೊತೆಗೆ ಮಾತೂ ಹೋಯ್ತು. ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬಂದಾಗ ಮುಖದ ತುಂಬ ಬಿಳಿ ಗಡ್ಡ. ಹುಟ್ಟಿದಾಗಿನಿಂದ ನಾನು ನೋಡಿರದ ಮುಖ ಅದು. ಬಂದ ನೆಂಟರೆಲ್ಲ ಕಾಯಿಲೆ ಬಗ್ಗೆ ಮಾತಾಡೋರು, ಅಪ್ಪ ಮಾತ್ರ ಎಡಗೈಯಲ್ಲಿ ಕೆನ್ನೆ ಸವರಿಕೊಂಡು ಮುಖ ಗೋಡೆ ಕಡೆ ತಿರುಗಿಸ್ತಿದ್ದ. ಯಾರಾದ್ರೂ ಬಂದ್ರು ಅಂದರೆ ಶಾಲು ಮೂಗಿನವರೆಗೆ ಎಳ್ಕೊಳ್ಳೋನು.

ಪಾರ್ಶ್ವವಾಯುವಿನ ಜೊತೆ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಟ್ಟಿರ್ತಾರೆ. ಸಣ್ಣ ಗಾಯ ಆದರೂ ರಕ್ತ ಬೇಗ ನಿಲ್ಲಲ್ಲ. ಅದಕ್ಕೇ ಡಾಕ್ಟರು ಎಲೆಕ್ಟ್ರಿಕ್ ಶೇವರ್ ಬಳಸಿ ಅಂದಿದ್ರು. ತಂದೆ. ಅದು ಗುಂಯ್ ಅಂದ ಕೂಡಲೇ ಅಪ್ಪ ತಲೆ ಹಿಂದಕ್ಕೆ ಎಳೆದ. ಎರಡು ಸಲ, ಮೂರು ಸಲ. ನಾಲ್ಕನೇ ಸಲಕ್ಕೆ ಎಡಗೈಯಲ್ಲಿ ಅದನ್ನು ದೂಡಿ, ಗೋಡೆ ಕಪಾಟಿನ ಕಡೆ ಬೆರಳು ತೋರಿಸಿದ. ಅಲ್ಲಿ ಹಳೇ ಬಿಸ್ಕತ್ತಿನ ಡಬ್ಬಿ, ಡಬ್ಬಿಯೊಳಗೆ ಆ ರೇಜರು.

ಪಕ್ಕದ ಪೇಟೆಯ ಕ್ಷೌರದಂಗಡಿಯವರು ಎಂಟು ಕಿಲೋಮೀಟರ್ ಗಾಡಿ ಓಡಿಸ್ಕೊಂಡು ಎರಡು ಸಲ ಮನೆಗೇ ಬಂದು ಕ್ಷೌರ ಮಾಡಿ ಹೋದ್ರು. ಅವರೂ ಅಪ್ಪನ ಹತ್ತಿರ ನಾಲ್ಕನೇ ಕ್ಲಾಸು ಓದಿದವರು, ದುಡ್ಡು ತಗೊಳ್ಳೋಕೂ ಒಪ್ಪಲಿಲ್ಲ. ಹೊರಡುವಾಗ ನನ್ನನ್ನು ಅಂಗಳಕ್ಕೆ ಕರೆದು, "ಮೇಷ್ಟ್ರು ದಿನಾ ಮಾಡ್ಕೊಳ್ತಿದ್ದೋರು. ಹದಿನೈದು ದಿನಕ್ಕೊಂದ್ಸಲ ನಾ ಬಂದ್ರೆ ಅವ್ರಿಗೆ ಸಮಾಧಾನ ಇಲ್ಲ. ನೀವೇ ಕಲೀರಿ. ಮೊದ್ಲು ನಿಮ್ಮ ಮುಖದ ಮೇಲೆ ಕಲೀರಿ" ಅಂದ್ರು.

ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಹುಷಾರಾಗಿ ಮಾಡಿ, ರಕ್ತ ನಿಲ್ಲದಿದ್ರೆ ಕರ್ಕೊಂಡು ಬನ್ನಿ ಅಂದ್ರು. ಹಾಗಾಗಿ ನನ್ನ ಕಲಿಕೆಗೆ ಒಂದು ಗುರಿ ಇತ್ತು: ಒಂದು ಹನಿ ರಕ್ತವೂ ಬರದ ಹಾಗೆ ಗಡ್ಡ ತೆಗೆಯೋದು. ಒಂದು ತಿಂಗಳು ನನ್ನ ಮುಖವೇ ಪಾಠಶಾಲೆ.

ಮೊದಲ ಪಾಠ ನೀರು. ಒಣಗಿದ ಗಡ್ಡದ ಕೂದಲು ತಂತಿ ಇದ್ದ ಹಾಗೆ. ಎರಡು ಮೂರು ನಿಮಿಷ ಬೆಚ್ಚಗಿನ ನೀರು ಕುಡಿದರೆ ಮೆತ್ತಗಾಗತ್ತೆ. ಅದಕ್ಕೇ ಸ್ನಾನ ಮಾಡಿದ ಮೇಲೆ ಹೆರೆಯೋದು ಸುಲಭ, ಇಲ್ಲದಿದ್ರೆ ಬಿಸಿನೀರಿನ ಪಂಜೆ ಮುಖಕ್ಕೆ ಸುತ್ತಿ ಕೂರಬೇಕು. ನೊರೆಯೂ ಕೈಯಲ್ಲಿ ಹಚ್ಚಿದರೆ ಆಗಲ್ಲ, ಬ್ರಶ್ಶೇ ಬೇಕು. ಬ್ರಶ್ಶು ಸುತ್ತಿ ಸುತ್ತಿ ಹಚ್ಚುವಾಗ ಮಲಗಿದ ಕೂದಲು ಎದ್ದು ನಿಲ್ಲತ್ತೆ, ನೀರೂ ಸೋಪೂ ಬುಡಕ್ಕೆ ಇಳಿಯತ್ತೆ. ಇಲ್ಲಿ ಇನ್ನೊಂದು ವಿಷಯ ಗೊತ್ತಾಯ್ತು. ಬೆಂಗಳೂರಿನ ನನ್ನ ಬಾಡಿಗೆ ಮನೆಯ ಬೋರ್‌ವೆಲ್ ನೀರಲ್ಲಿ ಎಷ್ಟು ತಿಕ್ಕಿದರೂ ಬರೀ ಗುಳ್ಳೆ. ಗಡಸು ನೀರಲ್ಲಿರೋ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಕೆನೆಗಟ್ಟತ್ತೆ ಹೊರತು ನೊರೆ ಆಗಲ್ಲ. ಊರಿನ ಬಾವಿ ನೀರಲ್ಲಿ ಅದೇ ಸೋಪು ಮೊಸರಿನಷ್ಟು ಗಟ್ಟಿ ನೊರೆ ಕೊಡ್ತು.

ಎರಡನೇ ಪಾಠ ಕೋನ. ಪ್ಲಾಸ್ಟಿಕ್ ರೇಜರಿನಲ್ಲಿ ಕಂಪನಿಯವರೇ ಹಿಡಿದುಕೊಟ್ಟಿದ್ದ ಕೋನವನ್ನು ಇಲ್ಲಿ ಮಣಿಕಟ್ಟು ಹಿಡೀಬೇಕು. ಮುಚ್ಚಳದ ಅಂಚನ್ನು ಕೆನ್ನೆಗೆ ಒರಗಿಸಿ, ಹಿಡಿಯನ್ನು ಅಡ್ಡಕ್ಕೆ ಇಟ್ಟು, ಆಮೇಲೆ ಮೆಲ್ಲಗೆ ಕೆಳಗೆ ಇಳಿಸ್ತಾ ಬರೋದು. ಬ್ಲೇಡು ಮುಟ್ಟಿತು ಅನ್ನಿಸಿದ ಕಡೆ ನಿಲ್ಲಿಸೋದು. ಚರ್ಮಕ್ಕೂ ಬ್ಲೇಡಿಗೂ ನಡುವೆ ಮೂವತ್ತು ಡಿಗ್ರಿ ಅಂತ ಲೆಕ್ಕ ಹೇಳಬಹುದು. ಆದ್ರೆ ಲೆಕ್ಕಕ್ಕಿಂತ ಕಿವಿ ಮೇಲು. ಕೋನ ಸರಿ ಇದ್ದರೆ ಒಂದು ಸದ್ದು ಬರತ್ತೆ, ಒಣಗಿದ ಎಲೆ ಮೇಲೆ ಬೆರಳಾಡಿಸಿದ ಹಾಗೆ ಸರ್ ಸರ್ ಅಂತ. ಸದ್ದು ನಿಂತರೆ ಅಲ್ಲಿ ಕೂದಲು ಮುಗಿದಿದೆ ಅಂತಲೋ ಕೋನ ತಪ್ಪಿದೆ ಅಂತಲೋ ಅರ್ಥ. ಫ್ಯಾನು, ರೇಡಿಯೋ ಎಲ್ಲ ಆರಿಸಿ ಮಾಡಬೇಕಾದ ಕೆಲಸ ಇದು.

ಮೂರನೇದು, ಒತ್ತಬಾರದು. ಇದೇ ಎಲ್ಲಕ್ಕಿಂತ ಕಷ್ಟ. ಇಪ್ಪತ್ತು ವರ್ಷ ಒತ್ತಿ ಒತ್ತಿ ಕೈಗೆ ಅಭ್ಯಾಸ ಆಗಿರತ್ತೆ. ಹಿತ್ತಾಳೆ ರೇಜರಿಗೆ ತನ್ನದೇ ಭಾರ ಇದೆ, ಆ ಭಾರವೇ ಸಾಕು. ಹಿಡಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಅರ್ಧ ಅರ್ಧ ಇಂಚು ಇಳಿಸಿದರೆ ಆಯ್ತು. ಕೆನ್ನೆಯ ಮೇಲೆ ಕೂದಲು ಕೆಳಮುಖ ಬೆಳೆದರೆ ಕುತ್ತಿಗೆಯಲ್ಲಿ ಎಷ್ಟೋ ಜನಕ್ಕೆ ಮೇಲ್ಮುಖ, ಅಥವಾ ಅಡ್ಡಡ್ಡ. ನನ್ನ ಗಂಟಲ ಎಡಭಾಗದಲ್ಲಿ ಒಂದು ಸುಳಿಯೇ ಇದೆ ಅಂತ ನಲವತ್ತನೇ ವಯಸ್ಸಿನಲ್ಲಿ ಗೊತ್ತಾಯ್ತು! ಮೊದಲ ಸುತ್ತು ಬೆಳೆದ ದಿಕ್ಕಿಗೆ, ಮತ್ತೆ ನೊರೆ ಹಚ್ಚಿ ಎರಡನೇ ಸುತ್ತು ಅಡ್ಡಕ್ಕೆ. ಉಲ್ಟಾ ಎಳೆಯೋದು ಬೇಕಿಲ್ಲ.

ಕೊನೇ ಪಾಠ ಹೇಳಿಕೊಟ್ಟಿದ್ದು ಅದೇ ಕ್ಷೌರದಂಗಡಿಯವರು. ಒಂದು ದಿನ ಅಂಗಡಿಯಲ್ಲಿ ಕೂತು ಅವರ ಕೈಯನ್ನೇ ನೋಡಿದೆ. ಬಲಗೈ ಏನು ಮಾಡತ್ತೆ ಅಂತ ನಾನು ನೋಡ್ತಿದ್ದರೆ, ಅವರು ಎಡಗೈ ನೋಡಿ ಅಂದ್ರು. ಎಡಗೈಯ ಎರಡು ಬೆರಳು ಬ್ಲೇಡಿಗಿಂತ ಒಂದು ಹೆಜ್ಜೆ ಮುಂಚೆ ಹೋಗಿ ಚರ್ಮವನ್ನು ಬಿಗಿ ಮಾಡ್ತಿದ್ವು. "ಚರ್ಮ ಹಿಡಿಯೋಕೆ ಬಂದ್ರೆ ಕ್ಷೌರ ಬಂದ ಹಾಗೆ." ಅದೂ ಅಪ್ಪನ ಮುಖಕ್ಕೆ ಇದು ಬಹಳ ಮುಖ್ಯ. ನಾವು ನಮ್ಮ ಮುಖ ಹೆರೆಯುವಾಗ ಗೊತ್ತಿಲ್ಲದೇ ತುಟಿ ಒಳಗೆ ಎಳ್ಕೊಳ್ತೀವಿ, ಕೆನ್ನೆ ಉಬ್ಬಿಸ್ತೀವಿ, ದವಡೆ ಓರೆ ಮಾಡ್ತೀವಿ. ಲಕ್ವ ಹೊಡೆದ ಕಡೆಯ ಮುಖಕ್ಕೆ ಇದ್ಯಾವುದೂ ಆಗಲ್ಲ. ಅಷ್ಟನ್ನೂ ಹೆರೆಯುವವನ ಎಡಗೈ ಮಾಡಬೇಕು.

ಅಪ್ಪನ ಮುಖಕ್ಕೆ ಮೊದಲ ಸಲ ರೇಜರು ಇಟ್ಟ ದಿನ ಹೊಸ ಬ್ಲೇಡು ಹಾಕಿದ್ದೆ. ಮೊಂಡು ಬ್ಲೇಡು ಹೊಸದಕ್ಕಿಂತ ಅಪಾಯ, ಕೂದಲು ಜಗ್ಗತ್ತೆ, ಕೈ ತಾನೇ ಒತ್ತೋಕೆ ಹೋಗತ್ತೆ. ಪಕ್ಕದಲ್ಲಿ ಒದ್ದೆ ಪಟಿಕದ ಕಲ್ಲು, ಹತ್ತಿ. ಅಪ್ಪನನ್ನು ಜಗಲಿಯ ಬೆಳಕಿಗೆ ಕುರ್ಚಿ ಹಾಕಿ ಕೂರಿಸಿ, ತಲೆಗೆ ದಿಂಬು ಕೊಟ್ಟಾಯ್ತು. ಅಮ್ಮ ಬಾಗಿಲಲ್ಲಿ ನಿಂತು "ನಿಧಾನ ಮಾರಾಯ, ನಿಧಾನ" ಅಂತ ಹತ್ತು ಸಲ ಅಂದಿರಬಹುದು.

ಎಡಗಡೆ ಸುಲಭ, ಅಲ್ಲಿ ಅಪ್ಪನೇ ಕೆನ್ನೆ ಬಿಗಿ ಮಾಡಿ ಕೊಡ್ತಿದ್ದ. ಬಲಗಡೆ ಕೆನ್ನೆ ಜೋತುಬಿದ್ದಿತ್ತು. ಅಲ್ಲಿ ಸ್ಪರ್ಶವೂ ಕಮ್ಮಿ, ಕೊಯ್ದರೂ ಅವನಿಗೆ ಗೊತ್ತಾಗಲ್ಲ, 'ಹಾ' ಅನ್ನಲ್ಲ. ಅವನಿಗೆ ಆಗಬೇಕಾದ ನೋವನ್ನೂ ನಾನೇ ಊಹಿಸ್ಕೋಬೇಕು. ಕಿವಿಯ ಕೆಳಗೆ ಎರಡು ಬೆರಳಿಟ್ಟು ಚರ್ಮ ಮೇಲೆತ್ತಿ, ಅರ್ಧರ್ಧ ಇಂಚು. ಸರ್... ಸರ್... ಅಪ್ಪನ ಕೆನ್ನೆಯನ್ನು ನಾನು ಅಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ, ಮುಟ್ಟಿಯೂ ಇರಲಿಲ್ಲ. ನಮ್ಮ ಕಡೆ ಅಪ್ಪ ಮಕ್ಕಳು ಮುಟ್ಟಿ ಮಾತಾಡೋರಲ್ಲ. ಗದ್ದದ ಕೆಳಗೆ ಒಂದು ಹಳೇ ಗಾಯದ ಗೆರೆ ಇದೆ ಅಂತ ಆವತ್ತೇ ಗೊತ್ತಾಗಿದ್ದು. ಯಾವಾಗಿನದು ಅಂತ ಕೇಳಿದರೆ ಹೇಳೋಕೆ ಅವನಿಗೆ ಮಾತಿಲ್ಲ, ಅಮ್ಮನಿಗೂ ಗೊತ್ತಿಲ್ಲ.

ನಲವತ್ತು ನಿಮಿಷ ಹಿಡೀತು. ರಕ್ತ ಬರಲಿಲ್ಲ. ಮುಖ ಒರೆಸಿ ಕನ್ನಡಿ ಹಿಡಿದೆ. ಅಪ್ಪ ತುಂಬ ಹೊತ್ತು ನೋಡ್ಕೊಂಡ. ಎಡಗೈಯ ಹಿಂಭಾಗದಲ್ಲಿ ಕೆನ್ನೆ, ಗದ್ದ, ಕುತ್ತಿಗೆ ಎಲ್ಲ ಸವರಿ ಪರೀಕ್ಷೆ ಮಾಡಿದ. ಬಲಗಿವಿಯ ಹತ್ತಿರ ಬೆರಳು ನಿಂತಿತು. ಅಲ್ಲೊಂದು ನಾಲ್ಕು ಕೂದಲು ಉಳಿದಿತ್ತು. ಕಾಪಿ ತಿದ್ದುವಾಗ ಒತ್ತಕ್ಷರ ಬಿಟ್ಟ ಜಾಗಕ್ಕೆ ಮೇಷ್ಟರು ಬೆರಳಿಡ್ತಾರಲ್ಲ, ಹಾಗೆ ಬೆರಳಿಟ್ಟು ನನ್ನ ಮುಖ ನೋಡಿದ. ಮತ್ತೆ ನೊರೆ ಹಚ್ಚಿದೆ. ಅವತ್ತು ಸಂಜೆ ಪಕ್ಕದ ಮನೆಯವರು ಬಂದಾಗ ಶಾಲು ಹೆಗಲ ಮೇಲೇ ಇತ್ತು.

ಆಮೇಲೆ ಫಿಸಿಯೋಥೆರಪಿ ಮಾಡಿಸೋ ಹುಡುಗಿ, ಬ್ರಶ್ಶು ಅವರ ಕೈಗೇ ಕೊಡಿ, ಅದೂ ವ್ಯಾಯಾಮವೇ ಅಂದ್ಲು. ಮಗ್ಗನ್ನು ಬಲಗೈ ಬೆರಳುಗಳ ನಡುವೆ ಇಟ್ಟು, ಎಡಗೈಯಲ್ಲಿ ಬ್ರಶ್ಶು ತಿರುಗಿಸೋದು ಅಪ್ಪನ ಪಾಲಿನ ಕೆಲಸ ಆಯ್ತು. ಶುರುವಿನಲ್ಲಿ ಮಗ್ಗು ಜಾರಿ ಬೀಳ್ತಿತ್ತು. ಆರು ತಿಂಗಳಲ್ಲಿ ಬೀಳೋದು ನಿಂತಿತು. ಮಾತು ಈಗ ಹತ್ತಿಪ್ಪತ್ತು ಪದದಷ್ಟು ಮರಳಿದೆ. ನಾನು ಬೆಂಗಳೂರಿಂದ ತಿಂಗಳಿಗೆ ಎರಡು ವಾರ ಊರಿಗೆ ಬಂದು ಕೂತು ಕೆಲಸ ಮಾಡ್ತೀನಿ, ನಾನಿಲ್ಲದ ದಿನಗಳಿಗೆ ತಮ್ಮನೂ ಕಲಿತಿದಾನೆ. ಎಡಗೆನ್ನೆಯನ್ನು ಈಗ ಅಪ್ಪ ತಾನೇ ಎಡಗೈಯಲ್ಲಿ ಹೆರೀತಾನೆ, ನಾನು ಕನ್ನಡಿ ಹಿಡಿದು ನಿಲ್ತೀನಿ. ಬಲಗೆನ್ನೆ ನಂದು. ಮುಗಿದ ಮೇಲೆ ಎರಡೂ ಕಡೆ ಸವರಿ, ನನ್ನ ಕಡೆ ಏನಾದ್ರೂ ಉಳಿದಿದ್ದರೆ "ಇದೆ" ಅಂತಾನೆ. ಆ ಹತ್ತಿಪ್ಪತ್ತು ಪದಗಳಲ್ಲಿ ಅದೂ ಒಂದು.

ನಿಮ್ಮ ಮನೆಯ ಅಟ್ಟದಲ್ಲೋ ಕಪಾಟಿನಲ್ಲೋ ಇಂಥದ್ದೊಂದು ರೇಜರು ಬಿದ್ದಿರಬಹುದು, ಹುಡುಕಿ ನೋಡಿ. ಬಿಸಿನೀರಲ್ಲಿ ನೆನೆಸಿ ಹಳೇ ಟೂತ್‌ಬ್ರಶ್ಶಲ್ಲಿ ತಿಕ್ಕಿದರೆ ಫಳಫಳ ಅನ್ನತ್ತೆ. ಬ್ಲೇಡು ಈಗಲೂ ಕೆಲವೇ ರೂಪಾಯಿಗೆ ಸಿಗತ್ತೆ. ಹಳೇ ಬ್ಲೇಡನ್ನು ಮಾತ್ರ ಕಸಕ್ಕೆ ಹಾಗೇ ಎಸೀಬೇಡಿ, ಕಸ ಆರಿಸುವವರ ಕೈ ಕೊಯ್ಯತ್ತೆ. ಮುಚ್ಚಳದ ತಗಡಿನ ಡಬ್ಬಿಗೆ ಒಂದು ಸೀಳು ಮಾಡಿ ಅದರೊಳಗೆ ಹಾಕ್ತಾ ಬನ್ನಿ. ನಮ್ಮದು ಇನ್ನೂ ಅರ್ಧವೂ ತುಂಬಿಲ್ಲ.