ಮಡಕೆಯೊಳಗಿನ ಮಂಡಲ

ಮಹಾಬಲಿಪುರಕ್ಕೆ ಶಾಲಾ ಪ್ರವಾಸ ಹೋದವರು ಕಡಲ ದಂಡೆಯ ಗುಡಿ ನೋಡಿ, ಅರ್ಜುನನ ತಪಸ್ಸಿನ ಬಂಡೆಯ ಮುಂದೆ ಫೋಟೋ ತೆಗೆಸಿಕೊಂಡು, ಚಿಪ್ಪಿನ ಸರ ಕೊಂಡು ಬಸ್ಸು ಹತ್ತುತ್ತಾರೆ. ಚೆನ್ನೈ ರಸ್ತೆಯಲ್ಲಿ ಇನ್ನೊಂದು ಅರ್ಧ ಗಂಟೆ ಬಂದರೆ ವಡನೆಮ್ಮೇಲಿ ಸಿಗುತ್ತದೆ. ರೊಮುಲಸ್ ವಿಟೇಕರ್ 1976ರಲ್ಲಿ ಕಟ್ಟಿದ ಮೊಸಳೆ ಬ್ಯಾಂಕ್ ಇರುವುದು ಅಲ್ಲಿಯೇ. ಮೊಸಳೆಗಳನ್ನು ನೋಡಲು ಮಕ್ಕಳಿಗೆ ಹೇಗೂ ಆತುರ. ನನಗೆ ಬೇಕಾಗಿದ್ದುದು ಅದೇ ಆವರಣದ ಇನ್ನೊಂದು ಮೂಲೆ: ಇರುಳರ ಹಾವು ಹಿಡಿಯುವವರ ಸಹಕಾರ ಸಂಘ.

ಇರುಳರು ಒಂದು ಕಾಲದಲ್ಲಿ ಹಾವು ಹಿಡಿದು ಚರ್ಮದ ವ್ಯಾಪಾರಿಗಳಿಗೆ ಮಾರುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂತು, ಆಮೇಲೆ ಚರ್ಮದ ರಫ್ತೂ ನಿಂತಿತು. ಹಾವಿಗೆ ಒಳ್ಳೆಯದಾಯಿತು, ಇರುಳರ ಒಲೆ ಆರಿತು. 1978ರಲ್ಲಿ ಈ ಸಂಘ ಹುಟ್ಟಿದ ಮೇಲೆ ಅವರು ಹಾವನ್ನು ಕೊಲ್ಲದೆ ವಿಷ ತೆಗೆದು ಮಾರಲು ತೊಡಗಿದರು. 2023ರಲ್ಲಿ ಅವರಲ್ಲಿ ಇಬ್ಬರಿಗೆ, ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ, ಪದ್ಮಶ್ರೀ ಬಂತು.

ನೋಡಲು ಆಡಂಬರವೇನೂ ಇಲ್ಲ. ತಗ್ಗಾದ ಅಂಗಳ, ಸುತ್ತ ಮೋಟುಗೋಡೆ, ಸಾಲು ಸಾಲು ಮಣ್ಣಿನ ಮಡಕೆಗಳು. ಮಡಕೆಯ ಬಾಯಿಗೆ ಬಟ್ಟೆ ಬಿಗಿದಿದೆ, ಒಳಗೆ ಹಾವಿದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕೇ. ವಾರಕ್ಕೊಮ್ಮೆಯಂತೆ ನಾಲ್ಕು ಬಾರಿ ವಿಷ ತೆಗೆದು, ಹೊಟ್ಟೆಯ ಒಂದು ಹುರುಪೆಯ ಅಂಚು ಕತ್ತರಿಸಿ ಗುರುತು ಮಾಡಿ, ಕಾಡಿಗೆ ಬಿಟ್ಟುಬಿಡುತ್ತಾರೆ. ಒಣಗಿಸಿದ ವಿಷ ಔಷಧ ತಯಾರಕರಿಗೆ ಹೋಗುತ್ತದೆ. ಅವರು ಅದನ್ನು ಅತಿ ಕಡಿಮೆ ಪ್ರಮಾಣದಲ್ಲಿ ಕುದುರೆಗೆ ಚುಚ್ಚಿ, ಅದರ ರಕ್ತದಿಂದ ಪ್ರತಿವಿಷ ಪಡೆಯುತ್ತಾರೆ.

ಹಿರಿಯರೊಬ್ಬರು ಕೊಳಕುಮಂಡಲವನ್ನು ಕೊಕ್ಕೆಯಲ್ಲಿ ಎತ್ತಿ, ತಲೆ ಹಿಡಿದು, ಪೊರೆ ಬಿಗಿದ ಗಾಜಿನ ಪಾತ್ರೆಯನ್ನು ಕಚ್ಚಿಸಿದರು. ಹುಡುಗರು ಹೋ ಎಂದರು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ ಗೋಡೆ ಹಿಡಿದು ಸುಮ್ಮನೆ ನಿಂತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು: "ಸಾರ್, ನಮ್ಮಪ್ಪನ ಕಾಲಿನ ಮಾಂಸ ಮತ್ತೆ ಬರುತ್ತಾ?"

ಹಿಂದಿನ ವರ್ಷ ಕಳೆ ಕೀಳುವಾಗ ಅವಳ ತಂದೆಗೆ ಇದೇ ಹಾವು ಕಚ್ಚಿತ್ತು. ಆತ ಮೊಣಕಾಲ ಕೆಳಗೆ ಹಗ್ಗ ಬಿಗಿದು, ಬ್ಲೇಡಿನಿಂದ ಗಾಯ ಕೊಯ್ದು, ಎರಡು ಗಂಟೆಯ ಮೇಲೆ ಆಸ್ಪತ್ರೆ ಸೇರಿದ. ಜೀವ ಉಳಿಯಿತು, ಮೀನಖಂಡ ಬತ್ತಿಹೋಯಿತು. ಹಗ್ಗ ಬಿಗಿಯಬೇಕು, ಗಾಯ ಕೊಯ್ಯಬೇಕು ಎಂದು ಆತನಿಗೆ ಪಾಠ ಹೇಳಿದವನು ನಾನೇ. ಆತನೂ ನನ್ನ ವಿದ್ಯಾರ್ಥಿ. ನಮಗೆ ಕಲಿಸಿದ್ದೂ ಅದೇ ಎಂದು ಹೇಳಬಹುದು, ಆದರೆ ಆ ಹುಡುಗಿಯ ಮುಂದೆ ಅದನ್ನು ಹೇಳಲು ಬಾಯಿ ಬರಲಿಲ್ಲ.

ಅವಳಿಗೆ ಉತ್ತರ ಹೇಳಿದ್ದು ಬಸ್ಸಿನಲ್ಲಿ. ಹಾವಿನ ವಿಷ ನಮ್ಮ ಎಂಜಲಿಗೆ ದೂರದ ನೆಂಟ. ಅದರಲ್ಲಿರುವ ಫಾಸ್ಫೋಲೈಪೇಸ್ ಎಂಬ ಕಿಣ್ವ ಸ್ನಾಯು ಎಳೆಯ ಹೊರಪೊರೆಯನ್ನು ಹರಿಯುತ್ತದೆ. ಹರಿದಲ್ಲಿ ಕ್ಯಾಲ್ಸಿಯಂ ಒಳನುಗ್ಗಿ, ಎಳೆ ವಿಪರೀತ ಸೆಟೆದುಕೊಂಡು ಸಾಯುತ್ತದೆ. ಒಳಗಿದ್ದ ಮಯೋಗ್ಲೋಬಿನ್ ಸೋರಿ ರಕ್ತ ಸೇರಿ, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುವುದೂ ಉಂಟು. ಮೂತ್ರಪಿಂಡಕ್ಕೆ ಅಪಾಯ ತರುವುದರಲ್ಲಿ ಇದೂ ಒಂದು. ಕಡಲ ಹಾವು ಕಚ್ಚಿದ ಮೀನುಗಾರರಲ್ಲಿ ಇದು ಎದ್ದು ಕಾಣುತ್ತದೆ.

ಸತ್ತ ಎಳೆ ಮತ್ತೆ ಹುಟ್ಟೀತೆ? ಹುಟ್ಟೀತು. 1961ರಲ್ಲಿ ಅಲೆಕ್ಸಾಂಡರ್ ಮೌರೊ ಎಂಬ ವಿಜ್ಞಾನಿ ಕಪ್ಪೆಯ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವಾಗ, ಎಳೆಗೆ ಒತ್ತಿಕೊಂಡು ನಿದ್ರಿಸುವ ಪುಟ್ಟ ಕೋಶಗಳನ್ನು ಕಂಡ. ಅವಕ್ಕೆ ಉಪಗ್ರಹ ಕೋಶಗಳೆಂದು ಹೆಸರು. ಗಾಯವಾದಾಗ ಇವು ಎದ್ದು, ಹೆಚ್ಚಿ, ಒಂದಕ್ಕೊಂದು ಬೆಸೆದು ಹೊಸ ಎಳೆಯಾಗುತ್ತವೆ. ಇದನ್ನು ಅಭ್ಯಸಿಸಲು ಪ್ರಯೋಗಾಲಯಗಳಲ್ಲಿ ಬಳಸುವುದು ನಾಗರ ಜಾತಿಯ ಹಾವುಗಳ ವಿಷದಿಂದ ತೆಗೆದ ಒಂದು ಪ್ರೋಟೀನನ್ನು ಎಂದರೆ ನಂಬುತ್ತೀರಾ? ಇಲಿಮರಿ ಗಾತ್ರದ ಬಿಳಿ ಇಲಿಯ ಕಾಲಿಗೆ ಅದನ್ನು ಚುಚ್ಚಿದರೆ ಎಳೆಗಳು ಸಾಯುತ್ತವೆ, ಆದರೆ ಅವುಗಳ ಸುತ್ತಲ ತೆಳು ಕವಚ, ನರ, ಬೀಜದಂತಹ ಆ ಕೋಶಗಳು ಬಹುಪಾಲು ಉಳಿಯುತ್ತವೆ. ಮೂರು ನಾಲ್ಕು ವಾರಗಳಲ್ಲಿ ಸ್ನಾಯು ಹೆಚ್ಚುಕಡಿಮೆ ಮೊದಲಿನಂತಾಗುತ್ತದೆ.

ಮಂಡಲದ ವಿಷ ಅಷ್ಟು ಉದಾರಿಯಲ್ಲ. ಮಂಡಲ ಜಾತಿಯ ವಿಷಗಳು ಸಣ್ಣ ರಕ್ತನಾಳಗಳನ್ನೂ ಕವಚವನ್ನೂ ಕೆಡಿಸಬಲ್ಲವು. ಕೋಸ್ಟರಿಕದ ಹೊಸೆ ಮರಿಯಾ ಗುಟಿಯೆರೆಸ್ ಮತ್ತು ಸಂಗಡಿಗರು ಅಲ್ಲಿನ ಮಂಡಲದ ವಿಷದ ಮೇಲೆ ಮಾಡಿದ ಕೆಲಸದಿಂದ ಇದು ಸ್ಪಷ್ಟವಾಗಿದೆ. ಬೀಜವಿದ್ದೂ ನೀರಿಲ್ಲದ ಗದ್ದೆಯಂತೆ, ರಕ್ತ ಹರಿಯದ ಜಾಗದಲ್ಲಿ ಎಳೆಯ ಬದಲು ನಾರು ಬೆಳೆಯುತ್ತದೆ. ಬಿಗಿದ ಹಗ್ಗ ಮಾಡುವುದೂ ಅದನ್ನೇ, ರಕ್ತ ತಡೆಯುವುದು. ಪ್ರತಿವಿಷ ರಕ್ತದಲ್ಲಿನ ವಿಷವನ್ನು ಹಿಡಿದೀತು, ಆಗಲೇ ಸತ್ತ ಎಳೆಯನ್ನು ಬದುಕಿಸದು. ಆದ್ದರಿಂದ ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ. ಕಾಲುಂಗುರ, ಗೆಜ್ಜೆ ಬಿಚ್ಚಿ, ಮೂಳೆ ಮುರಿದ ಕಾಲಿನಂತೆ ಅಲುಗಿಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ ನೇರ ಹೋಗಿ.

"ಹಾಗಾದ್ರೆ ಸ್ವಲ್ಪನೂ ಬರಲ್ವಾ ಸಾರ್?" ಎಂದಳು.

ನಾರಾದ ಭಾಗ ಬರುವುದಿಲ್ಲ, ಉಳಿದ ಎಳೆಗಳು ದುಡಿದಷ್ಟೂ ದಪ್ಪವಾಗುತ್ತವೆ, ಅಪ್ಪ ದಿನಾ ನಡೆಯಲಿ ಎಂದೆ. ವೈದ್ಯರು ಹೇಳಿಕೊಟ್ಟ ವ್ಯಾಯಾಮವನ್ನು ಆತ ಎರಡೇ ತಿಂಗಳಿಗೆ ಬಿಟ್ಟಿದ್ದನಂತೆ. ಊರು ತಲುಪಿದಾಗ ರಾತ್ರಿ ಹನ್ನೊಂದು. ಶಾಲೆಯ ಗೇಟಿನ ಬಳಿ ಆತ ಟಾರ್ಚು ಹಿಡಿದು ಮಗಳಿಗಾಗಿ ಕಾದು ನಿಂತಿದ್ದ, ಎಡಗಾಲಿನ ಮೇಲೆ ಭಾರ ಹಾಕದೆ. ನಾನು ಬಸ್ಸಿನಿಂದ ಇಳಿದು ಮೊದಲು ಅವನ ಹತ್ತಿರ ಹೋದೆ.