ಕೆಂಗೇರಿಯಿಂದ ಮಾಗಡಿಗೆ ಕಾಲುದಾರಿ

ಡಿಸೆಂಬರ್ ಬಂತೆಂದರೆ ಬಾಪೂಜಿ ನಗರದ ಬೀದಿಗಳಲ್ಲಿ ಅವರೆಕಾಯಿ ಗಾಡಿಗಳು ಕಾಣಿಸಿಕೊಳ್ಳುತ್ತವೆ. ಸೊಗಡಿಗೆ ಹೆಸರಾದದ್ದು ಮಾಗಡಿಯ ಅವರೆ. ‘ಮಾಗಡಿ ಎಲ್ಲಿದೆ?’ ಎಂದು ಮಕ್ಕಳನ್ನು ಕೇಳಿದರೆ ‘ಮಾಗಡಿ ರೋಡಿನ ಕೊನೆಯಲ್ಲಿ’ ಎಂಬ ಉತ್ತರ ಬಂದೀತು. ಉತ್ತರವೇನೋ ತಪ್ಪಲ್ಲ. ಆದರೆ ರಸ್ತೆಗೆ ಡಾಂಬರು ಬೀಳುವುದಕ್ಕೆ ಎಷ್ಟೋ ಮೊದಲೇ ಮಾಗಡಿ ಇತ್ತು, ಕೆಂಗೇರಿಯೂ ಇತ್ತು. ಸಂತೆಗೆ, ಜಾತ್ರೆಗೆ, ಮಗಳನ್ನು ಕೊಟ್ಟ ಊರಿಗೆ ಜನ ನಡೆದೇ ಹೋಗಿಬರುತ್ತಿದ್ದರು. ಅಂಥ ದಾರಿಗಳ ತುಣುಕುಗಳು ಇಂದಿಗೂ ಉಳಿದಿವೆ. ಕೆಲವು ನೆಲದ ಮೇಲೆ, ಕೆಲವು ಕಾಗದದ ಮೇಲೆ ಮಾತ್ರ.

ಬಾಪೂಜಿ ನಗರದವರಿಗೆ ಈ ನಡಿಗೆ ದೂರದ ಮಾತಲ್ಲ. ಪಕ್ಕದ ದೀಪಾಂಜಲಿ ನಗರದಲ್ಲಿ ಮೆಟ್ರೋ ಹತ್ತಿದರೆ ಕೆಂಗೇರಿ ತಲುಪಬಹುದು. 2021ರ ಆಗಸ್ಟ್‌ನಲ್ಲಿ ಈ ಮಾರ್ಗ ಅಲ್ಲಿಯವರೆಗೆ ವಿಸ್ತರಿಸಿತು. ಕೆಂಗೇರಿಯಿಂದ ರಾಮೋಹಳ್ಳಿ, ಕೇತೋಹಳ್ಳಿಯ ದೊಡ್ಡ ಆಲದ ಮರ, ಮಂಚನಬೆಲೆ, ಸಾವನದುರ್ಗ, ಅಲ್ಲಿಂದ ಮಾಗಡಿ. ಒಟ್ಟು ನಲವತ್ತು ಕಿಲೋಮೀಟರ್ ಆಸುಪಾಸು. ಅವಸರವಿಲ್ಲದೆ ನಡೆಯುವವರಿಗೆ ಎರಡು ದಿನದ ದಾರಿ. ಇದೆಲ್ಲವೂ ಕಾಲುದಾರಿಯೆಂದು ತಿಳಿಯಬಾರದು. ಸ್ವಲ್ಪ ದೂರ ಡಾಂಬರು, ಸ್ವಲ್ಪ ದೂರ ಬಂಡಿಜಾಡು, ಇನ್ನಷ್ಟು ದೂರ ಹೊಲದ ಬದು, ಕೆರೆಯ ಏರಿ.

ಕೆಂಗೇರಿ ದಾಟಿದ ಮೊದಲ ಗಂಟೆ ನಿರಾಶೆಯದು. ಮನೆ, ಅಂಗಡಿ, ಕಾಂಪೌಂಡು ಬಿಟ್ಟರೆ ಬೇರೇನೂ ಕಾಣದು. ರಾಮೋಹಳ್ಳಿ ಹಿಂದಾದ ಮೇಲೆ ನೆಲ ಬಿಚ್ಚಿಕೊಳ್ಳುತ್ತದೆ. ದೊಡ್ಡ ಆಲದ ಮರಕ್ಕೆ ಸುಮಾರು ನಾನೂರು ವರ್ಷವೆನ್ನುತ್ತಾರೆ. ಮೂಲ ಕಾಂಡ ರೋಗದಿಂದ ಸತ್ತುಹೋಗಿದ್ದರೂ, ನೆಲಕ್ಕಿಳಿದ ಬಿಳಲುಗಳೇ ಕಾಂಡಗಳಾಗಿ ಮೂರು ಎಕರೆ ನೆರಳು ಹಿಡಿದು ನಿಂತಿವೆ.

ಅಲ್ಲಿಂದ ಮುಂದೆ ರಾಗಿ ಹೊಲ, ನಡುನಡುವೆ ಅವರೆಯ ಅಕ್ಕಡಿ ಸಾಲು, ಮಾವಿನ ತೋಪು. ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಜಲಾಶಯ ಬೆಟ್ಟಗಳ ನಡುವೆ ತಣ್ಣಗೆ ಮಲಗಿದೆ. ಅದನ್ನು ದಾಟಿದರೆ ಎದುರಿಗೆ ಸಾವನದುರ್ಗ: 1,226 ಮೀಟರ್ ಎತ್ತರದ ಏಕಶಿಲೆ. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ನೆತ್ತಿ. ಬುಡದಲ್ಲಿ ಸಾವಂದಿ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿ ಗುಡಿಗಳು. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನ ಕೈಯಿಂದ ಈ ಕೋಟೆಯನ್ನು ಕಿತ್ತುಕೊಂಡಿತು. ಇಲ್ಲಿಂದ ಕೆಂಪೇಗೌಡರ ವಂಶದವರು ಆಳಿದ ಮಾಗಡಿಗೆ ಅರ್ಧ ದಿನದ ನಡಿಗೆ ಸಾಕು.

ಚುಕ್ಕೆ ಗೆರೆಯ ಗುಟ್ಟು

‘ಬೇರೆಯವರ ಹೊಲದ ನಡುವೆ ನಡೆಯಬಹುದೇ?’ ತಂದೆತಾಯಿಗಳು ಮೊದಲು ಕೇಳುವ ಪ್ರಶ್ನೆ ಇದೇ. ಉತ್ತರ ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಿದೆ. ಪ್ರತಿ ಗ್ರಾಮಕ್ಕೂ ಒಂದು ನಕಾಶೆ ಉಂಟು. ಅದರಲ್ಲಿ ಸರ್ವೆ ನಂಬರುಗಳನ್ನು ಹಾಯ್ದುಹೋಗುವ ಒಂಟಿ ತುಂಡುಗೆರೆ ಕಾಲುದಾರಿ; ಜೋಡಿ ತುಂಡುಗೆರೆ ಬಂಡಿದಾರಿ. ಹಳ್ಳಿಯವರ ಬಾಯಲ್ಲಿ ಇದು ‘ನಕಾಶೆ ಕಂಡ ದಾರಿ’.

ಪಹಣಿಯಲ್ಲಿ ‘ಖರಾಬು’ ಎಂಬ ಕಾಲಂ ಇರುವುದನ್ನು ಅನೇಕರು ನೋಡಿರಬಹುದು. ಬಂಡೆ, ಗುಂಡಿಗಳಿಂದಾಗಿ ಸಾಗುವಳಿಗೆ ಬಾರದ ನೆಲ ‘ಎ’ ಖರಾಬು. ದಾರಿ, ಕಾಲುದಾರಿ, ಹಳ್ಳ, ಕೆರೆ, ಸ್ಮಶಾನ ಮುಂತಾಗಿ ಸಾರ್ವಜನಿಕರಿಗೆಂದು ಬಿಟ್ಟ ನೆಲ ‘ಬಿ’ ಖರಾಬು. 1966ರ ಕರ್ನಾಟಕ ಭೂಕಂದಾಯ ನಿಯಮಗಳು ಹೀಗೆ ವಿಂಗಡಿಸಿವೆ. ಹೊಲ ಒಬ್ಬರ ಹೆಸರಿನಲ್ಲಿದ್ದರೂ, ಅದರೊಳಗಿನ ‘ಬಿ’ ಖರಾಬು ಅವರ ಖಾಸಗಿ ಸೊತ್ತಲ್ಲ. 1964ರ ಭೂಕಂದಾಯ ಕಾಯ್ದೆಯ 67ನೇ ಕಲಮಿನಂತೆ ಸಾರ್ವಜನಿಕ ರಸ್ತೆ, ಓಣಿ, ಹಾದಿಗಳೆಲ್ಲ ಸರ್ಕಾರದವು. ಅಂಥ ಹಾದಿ ಇನ್ನು ಬೇಡವೆಂದು ತೀರ್ಮಾನಿಸಬೇಕಾದರೂ, 68ನೇ ಕಲಮಿನಂತೆ ಪ್ರಕಟಣೆ ಹೊರಡಿಸಿ, ಜನರ ಆಕ್ಷೇಪಣೆ ಕೇಳಬೇಕು. ಬೇಲಿ ಹಾಕಿದ ಮಾತ್ರಕ್ಕೆ ಹಾದಿ ಸಾಯುವುದಿಲ್ಲ.

ನಕಾಶೆಯಲ್ಲಿ ಇಲ್ಲದ ರೂಢಿಯ ದಾರಿಗಳೂ ಇವೆ. ತನ್ನ ಹೊಲಕ್ಕೆ ಹೋಗಲು ಪಕ್ಕದವರ ಜಮೀನಿನ ದಾರಿಯನ್ನು ಇಪ್ಪತ್ತು ವರ್ಷ ತಡೆಯಿಲ್ಲದೆ, ಹಕ್ಕಿನಿಂದ ಬಳಸಿದವನಿಗೆ 1882ರ ಅನುಭೋಗ ಹಕ್ಕುಗಳ ಕಾಯ್ದೆ ರಕ್ಷಣೆ ಕೊಡುತ್ತದೆ. ಆದರೆ ಇದು ಆ ರೈತನ ಹಕ್ಕು, ಊರು ನೋಡಲು ಬಂದವರದಲ್ಲ. ಅಂಥಲ್ಲಿ ಕೇಳಿಯೇ ಕಾಲಿಡಬೇಕು.

ಹಾದಿ ಮುಚ್ಚಿದರೆ ಯಾರಿಗೆ ನಷ್ಟ?

ನಗರದಿಂದ ನಡೆಯಲು ಹೋದವರಿಗೆ ದಾರಿ ತಪ್ಪಿದರೆ ಒಂದು ದಿನ ಹಾಳು, ಅಷ್ಟೆ. ಊರಿನವರ ಕಥೆ ಹಾಗಲ್ಲ. ಪಕ್ಕದೂರಿನ ಹೈಸ್ಕೂಲಿಗೆ ಬದುವಿನ ಮೇಲೆ ಹದಿನೈದು ನಿಮಿಷದಲ್ಲಿ ಹೋಗುವ ಹುಡುಗಿ, ಹಾದಿಗೆ ತಂತಿಬೇಲಿ ಬಿದ್ದರೆ ಲಾರಿ ಓಡಾಡುವ ರಸ್ತೆಯಲ್ಲಿ ಸುತ್ತು ಹಾಕಿಕೊಂಡು ಹೋಗಬೇಕು. ಎಷ್ಟೋ ಮನೆಗಳಲ್ಲಿ ಓದು ನಿಲ್ಲುವುದು ಇಂಥ ಸುತ್ತುದಾರಿಯಿಂದಲೇ. ಕೊಯ್ದ ರಾಗಿ ಕಣಕ್ಕೆ ಬಾರದೆ ಹೊಲದಲ್ಲೇ ಉಳಿದೀತು. ಸ್ಮಶಾನಕ್ಕೆ ಹೆಣ ಹೊರಲು ದಾರಿಯಿಲ್ಲವೆಂಬ ಜಗಳ ಠಾಣೆಯ ಮೆಟ್ಟಿಲೇರುವುದೂ ಉಂಟು.

ಬೆಂಗಳೂರಿನ ಪಶ್ಚಿಮಕ್ಕೆ ಈ ಭಯ ಹೆಚ್ಚು. ಮೈಸೂರು ರಸ್ತೆ ಮತ್ತು ಮಾಗಡಿ ರಸ್ತೆಗಳ ನಡುವೆ ಹನ್ನೆರಡು ಹಳ್ಳಿಗಳ ಸುಮಾರು ನಾಲ್ಕು ಸಾವಿರ ಎಕರೆಯನ್ನು ನಾಡಪ್ರಭು ಕೆಂಪೇಗೌಡ ಬಡಾವಣೆಗೆಂದು ಗುರುತಿಸಲಾಯಿತು. ಖಾಸಗಿ ಬಡಾವಣೆ, ತೋಟದ ಮನೆಗಳೂ ಎದ್ದಿವೆ. ಬಡಾವಣೆಯ ನಕ್ಷೆಯಲ್ಲಿ ಅಗಲವಾದ ರಸ್ತೆಗಳಿರುತ್ತವೆ, ನಿಜ. ಆದರೆ ಅವು ಅಡ್ಡಸಾಲು, ಉದ್ದಸಾಲಾಗಿ ಹೋಗುತ್ತವೆಯೇ ಹೊರತು, ಊರಿನಿಂದ ಕೆರೆಗೆ, ಕೆರೆಯಿಂದ ಗುಂಡುತೋಪಿಗೆ ಹೋಗುವುದಿಲ್ಲ.

ಸರ್ಕಾರಕ್ಕೂ ಇದರ ಅರಿವಿದೆ. ನಕಾಶೆಯಲ್ಲಿರುವ ಕಾಲುದಾರಿ, ಬಂಡಿದಾರಿಗಳನ್ನು ಮುಚ್ಚಿ ರೈತರಿಗೆ ತೊಂದರೆ ಕೊಟ್ಟಿದ್ದರೆ ತೆರವು ಮಾಡಿಸಬೇಕೆಂದು ಕಂದಾಯ ಇಲಾಖೆ 2023ರಲ್ಲಿ ತಹಶೀಲ್ದಾರರಿಗೆ ಸುತ್ತೋಲೆ ಕಳುಹಿಸಿತು. ಆದರೆ ದೂರು ಕೊಡಬೇಕಾದರೆ ಹಾದಿ ಎಲ್ಲಿತ್ತು ಎಂಬುದು ಯಾರಿಗಾದರೂ ಗೊತ್ತಿರಬೇಕಷ್ಟೆ!

ಇಂಗ್ಲೆಂಡಿನಲ್ಲಿ ಈ ತಿಳಿವಳಿಕೆ ಹೋರಾಟದಿಂದ ಬಂತು. 1932ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಕಡೆಯ ಕಾರ್ಮಿಕ ಯುವಕರು ಜಮೀನ್ದಾರರ ಕಿಂಡರ್ ಸ್ಕೌಟ್ ಗುಡ್ಡವನ್ನು ಗುಂಪಾಗಿ ಏರಿದರು. ಕೆಲವರು ಜೈಲಿಗೂ ಹೋದರು. 1949ರ ಕಾಯ್ದೆ ಪ್ರತಿ ಕೌಂಟಿಯೂ ಸಾರ್ವಜನಿಕ ಕಾಲುದಾರಿಗಳ ನಕ್ಷೆ ಸಿದ್ಧಪಡಿಸಬೇಕೆಂದು ವಿಧಿಸಿತು. ಅಲ್ಲಿನವರು ಹೋರಾಡಿ ಪಡೆದ ನಕ್ಷೆ ನಮ್ಮಲ್ಲಿ ಸರ್ವೆಯ ಕಾಲದಿಂದಲೂ ಇದೆ. ಇಲ್ಲದಿರುವುದು ಅದನ್ನು ತೆರೆದು ನೋಡುವ ಅಭ್ಯಾಸ.

ಹೊರಡುವ ಮುನ್ನ

ಗ್ರಾಮ ನಕಾಶೆಗಳು ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ. ‘ದಿಶಾಂಕ್’ ಎಂಬ ಸರ್ಕಾರಿ ಆ್ಯಪ್ ಮೊಬೈಲಿನಲ್ಲಿದ್ದರೆ ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಎರಡನ್ನೂ ಹೊಂದಿಸಿ ನೋಡುವುದು ಭೂಗೋಳದ ಒಳ್ಳೆಯ ಪಾಠ.

ಡಿಸೆಂಬರ್, ಜನವರಿ ನಡೆಯಲು ಹಿತ. ಒಬ್ಬೊಬ್ಬರೇ ಹೋಗುವುದು ಬೇಡ. ಮಕ್ಕಳ ಜೊತೆ ಹಿರಿಯರಿರಲಿ. ಬೂಟು, ಟೋಪಿ, ನೀರು, ಬುತ್ತಿ ಇರಲಿ. ನಿಂತ ಪೈರನ್ನು ತುಳಿಯಬಾರದು. ತೆರೆದ ಗೇಟನ್ನು ಮತ್ತೆ ಮುಚ್ಚಬೇಕು. ಮಂಚನಬೆಲೆಯಲ್ಲಿ ನೀರಿಗಿಳಿಯುವುದು ಸಲ್ಲದು; ಅಲ್ಲಿ ಅನೇಕ ಯುವಕರು ಮುಳುಗಿ ಸತ್ತಿದ್ದಾರೆ. ಸಾವನದುರ್ಗದ ಸುತ್ತಿನ ಕಾಡಿಗೆ ಆನೆ ಬರುವುದುಂಟು. ಅಲ್ಲಿ ರಸ್ತೆ ಬಿಡಬಾರದು. ಬೆಟ್ಟ ಹತ್ತುವವರು ಅರಣ್ಯ ಇಲಾಖೆಯ ಅನುಮತಿಯ ವಿಚಾರ ಮುಂಚೆಯೇ ತಿಳಿದಿರಬೇಕು. ಮಾಗಡಿಯಿಂದ ಬೆಂಗಳೂರಿಗೆ ಬಸ್ಸುಗಳಿವೆ.

ಅಷ್ಟು ದೂರ ನಡೆಯಲಾಗದವರು ತಮ್ಮ ಊರಿನಿಂದಲೇ ಆರಂಭಿಸಬಹುದು. ಬಾಪೂಜಿ ನಗರದ ಎಷ್ಟೋ ಮನೆಗಳಿಗೆ ಮಂಡ್ಯ, ತುಮಕೂರು, ಹಾಸನದ ಕಡೆ ಒಂದು ಊರಿದ್ದೇ ಇರುತ್ತದೆ. ಮುಂದಿನ ರಜೆಗೆ ಆ ಊರಿನ ನಕಾಶೆ ತೆಗೆದುಕೊಂಡು ಹೋಗಿ, ತುಂಡುಗೆರೆಯನ್ನು ತಾತನಿಗೋ ಅಜ್ಜಿಗೋ ತೋರಿಸಿ, ಅವರು ಹೇಳುವ ಹಾದಿಯಲ್ಲಿ ಒಮ್ಮೆ ನಡೆದುಬರಲಿ. ಹಾದಿ ಕಾನೂನಿನಲ್ಲಿ ಉಳಿದಿರಬಹುದು. ನೆಲದ ಮೇಲೆ ಅದು ಉಳಿಯುವುದು ಮಾತ್ರ ಕಾಲಿನಿಂದ.